ಸದ್ದು ಮಾಡದ ಗರಗಸ

ಜನವರಿ ೧೩, ಸೋಮವಾರ

ಹೊಸ ಚೈನ್‌ಸಾ ಬಂತು, ಬ್ಯಾಟರಿಯದು. ಪೆಟ್ರೋಲಿನದಕ್ಕೇ ಶಕ್ತಿ ಜಾಸ್ತಿ ಎಂದು ಅಂಗಡಿಯವನು ಬಡಕೊಂಡರೂ, ಸದ್ದು ಮಾಡದ್ದೇ ಬೇಕೆಂದು ಹಟ ಹಿಡಿದವನು ನಾನು. ಎಲ್ಲ ಪಕ್ಕದ ಮನೆಯ ಟೈಲರಮ್ಮನಿಗಾಗಿ. ಹಳೆಯದು ಅರಚಿದ ಕೂಡಲೇ ಹೊಲಿಗೆ ಬಿಟ್ಟು ಬೇಲಿಯ ಹತ್ತಿರ ಬರುತ್ತಿದ್ದರು: "ಏನ್ರೀ ಇದು, ತಲೆ ಚಿಟ್ಟು ಹಿಡೀತು! ಸಾಕು ನಿಲ್ಸಿ, ಟೀ ಕುಡೀರಿ."

ಇವತ್ತು ಸೌದೆಯೆಲ್ಲ ಸೌತೆಕಾಯಿ ಹೆಚ್ಚಿದ ಹಾಗೆ ತುಂಡಾಯಿತು. ಬೇಲಿಯಾಚೆ ಅವರ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಎರಡು ಸಲ ಜೋರಾಗಿ ಕೆಮ್ಮಿದೆ. ಅದು ನಿಲ್ಲಲಿಲ್ಲ.

ನಾಳೆ ಹಳೆಯದನ್ನು ಒಯ್ಯಲು ಗುಜರಿಯವನು ಬರುತ್ತಾನೆ. ಅದಕ್ಕೆ ಮೊದಲು ಒಮ್ಮೆ ಶುರು ಮಾಡಿ ನೋಡಬೇಕು. ಕೊಯ್ಯಲು ಒಂದು ಕಡ್ಡಿಯೂ ಉಳಿದಿಲ್ಲ, ನಿಜ. ಆದರೂ ಬೇಲಿಯ ಪಕ್ಕದಲ್ಲೇ ನಿಂತು, ಅವರು ಬಂದು ಬೈಯುವ ತನಕ...