ಗೋಂದಿನ ವಾಸನೆ

ಮಾರ್ಚ್ ೧೪, ಗುರುವಾರ

ಮೈದುನ ಪುಸ್ತಕದ ಬೈಂಡಿಂಗ್ ಅಂಗಡಿಯಿಂದ ಇವರ ಕನ್ನಡಕ, ಹಳೇ ಕೋಟು ತಂದುಕೊಟ್ಟ. ಕೋಟಿನ ಜೇಬಿನಲ್ಲಿ ಅರ್ಧ ಖಾಲಿಯಾದ ಸಿಗರೇಟ್ ಪ್ಯಾಕು. ಇವರು ತೀರಿಹೋಗಿ ಇನ್ನೂ ಇಪ್ಪತ್ತು ದಿನವಾಗಿಲ್ಲ.

"ಇದು ಯಾರದಪ್ಪಾ?" ಎಂದೆ.

ಅವನು ತಲೆ ಎತ್ತಲಿಲ್ಲ. "ದಿನಕ್ಕೆ ಎರಡೇ, ಅತ್ತಿಗೆ. ಮನೆಗೆ ಹೊರಡೋ ಮುಂಚೆ ಅಣ್ಣ ಅಂಗಿ ತೋಳಿಗೆ ಒಂಚೂರು ಗೋಂದು ಬಳ್ಕೊಳ್ತಿದ್ದ, ಹೊಗೆ ವಾಸನೆ ನಿಮಗೆ ಗೊತ್ತಾಗಬಾರ್ದು ಅಂತ. ಹೇಳಿದ್ರೆ ಚರ್ಮ ಸುಲಿತೀನಿ ಅಂದಿದ್ದ."

ಆ ಗೋಂದನ್ನು ನಾನು ಬಿಸಿನೀರಿನಲ್ಲಿ ಉಜ್ಜುತ್ತಿದ್ದೆ, ಪಾಪ, ಎಷ್ಟು ದುಡಿಯುತ್ತಾರೆ ಎಂದುಕೊಂಡು.

ಇವರ ಶ್ವಾಸಕೋಶ ಮೊದಲೇ ಕೆಟ್ಟಿತ್ತು. ಜೊತೆಗೆ ಸಕ್ಕರೆ ಕಾಯಿಲೆ, ಆಮೇಲೆ ಹೃದಯ. ಏದುಸಿರು ಹೆಚ್ಚಾದಾಗಲೆಲ್ಲ ಡಾಕ್ಟರು, "ಸಿಗರೇಟು ಪೂರ್ತಿ ಬಿಟ್ಟಿದ್ದೀರಾ?" ಎಂದು ಕೇಳುತ್ತಿದ್ದರು. ಇವರು ತುಟಿ ಬಿಚ್ಚದೆ ನನ್ನ ಮುಖ ನೋಡುತ್ತಿದ್ದರು. "ಬಿಟ್ಟು ನಾಲ್ಕು ವರ್ಷ ಆಯ್ತು ಡಾಕ್ಟ್ರೇ, ನಾನು ಗ್ಯಾರಂಟಿ" ಎಂದು ನಾನೇ ಹೇಳುತ್ತಿದ್ದೆ. ಡಾಕ್ಟರು ಅದನ್ನೇ ಬರೆದುಕೊಂಡು, ಹಾಗಾದರೆ ಹೃದಯದ್ದೇ ತೊಂದರೆ ಎಂದು ಮಾತ್ರೆ ಹೆಚ್ಚಿಸಿದರು.

ಆ ಸುಳ್ಳನ್ನು ಇವರು ಒಂದು ಸಲವೂ ಹೇಳಲಿಲ್ಲ. ನನ್ನ ಬಾಯಿಂದ ಹೇಳಿಸಿದರು. ಜಗಳವಾಡೋಣವೆಂದರೆ ಇವರೇ ಇಲ್ಲ.