ಮಂತ್ರಿಯ ಹೊಟ್ಟೆ, ಅಕ್ಕನ ಮೂಗು

ಜೂನ್ ೩, ಸಂಜೆ

ಮತ್ತೆ ಸಂಪಾದಕರ ಅದೇ ರಾಗ. ಮುಖಪುಟದ ನನ್ನ ಕಾರ್ಟೂನಿನಲ್ಲಿ ಆಹಾರ ಮಂತ್ರಿಯ ಹೊಟ್ಟೆ ಕಡಿಮೆ ಮಾಡಬೇಕಂತೆ. ಜನ ಒಂದು ಹೊತ್ತು ಊಟ ಬಿಡಲಿ ಎಂದು ಭಾಷಣ ಬಿಗಿದ ಮಹಾನುಭಾವ. ಹೊಟ್ಟೆಯೇ ಇಲ್ಲದಿದ್ದರೆ ಜೋಕ್ ಎಲ್ಲಿ? ಬಿಳಿ ಬಣ್ಣ ಹಚ್ಚಿ ಹಚ್ಚಿ ಕರಗಿಸಿದೆ. ಕೊನೆಗೆ ಸಂಪಾದಕರೇ ಕೇಳಿದರು, ಇದು ಯಾರು ಎಂದು! ಪಕ್ಕದಲ್ಲಿ ಹೆಸರು ಬರೆದುಬಿಡಿ ಅಂದರು. ಇದಕ್ಕಿಂತ ಅಂಗಡಿ ಬೋರ್ಡು ಬರೆಯುವುದು ವಾಸಿ.

ಜೂನ್ ೪

ಒಳಪುಟದ ನನ್ನ ಕಾರ್ಟೂನ್ ಸ್ಟ್ರಿಪ್‌ನಲ್ಲಿ ಕೊನೆಯ ಚೌಕವೇ ಮಾಯ. ಹಾಸಿಗೆ ಜಾಹೀರಾತು ದೊಡ್ಡದಾಯಿತೆಂದು ಪುಟ ಕಟ್ಟುವವನು ಕತ್ತರಿ ಹಾಕಿದ್ದಾನೆ. ನಗು ಇದ್ದದ್ದೇ ಅದರಲ್ಲಿ, ಪುಣ್ಯಾತ್ಮ! ಓದುಗರೊಬ್ಬರು ಫೋನ್ ಮಾಡಿ, ಇವತ್ತಿನದು ಬಹಳ ಗಂಭೀರವಾಗಿತ್ತು ಎಂದು ಹೊಗಳಿದರು. ಹಣೆ ಚಚ್ಚಿಕೊಂಡೆ.

ಅಕ್ಕನದು ಬೇರೆ ತಕರಾರು. ಸ್ಟ್ರಿಪ್‌ನ ‘ದೊಡ್ಡಕ್ಕ’ ತಾನೇ ಎಂದು ಅವಳಿಗೆ ಮೊದಲ ದಿನದಿಂದಲೂ ಗೊತ್ತು. ಒಂದೇ ಮನೆಯಲ್ಲಿ ಹದಿನೆಂಟು ವರ್ಷದಿಂದ ಒಂದೇ ಪ್ರಶ್ನೆ — ನನ್ನ ಮೂಗು ಅಷ್ಟುದ್ದ ಇದೆಯಾ? ಇದೆ. ಹೇಳುವ ಧೈರ್ಯ ನನಗಿಲ್ಲ. ಆದರೂ ಪೇಪರ್ ಬಂದ ಕೂಡಲೇ ಅವಳು ಮೊದಲು ತೆಗೆಯುವುದು ಅದೇ ಪುಟ.

ಜೂನ್ ೯

ಬರೆಯುವ ಮನಸ್ಸಿರಲಿಲ್ಲ.

ಸಂಪಾದಕರು ಬಾಗಿಲು ಹಾಕಿಸಿ ಮಾತಾಡಿದರು. ಮಂತ್ರಿಯ ಕಡೆಯವರು ಮಾಲೀಕರಿಗೆ ಫೋನ್ ಮಾಡಿದ್ದಾರೆ. ಆ ಹೊಟ್ಟೆಯ ತಂಟೆಗೆ ಹೋಗದಿದ್ದರೆ ದೊಡ್ಡಕ್ಕ ಉಳಿಯುತ್ತಾಳೆ. ಹೋದರೆ ಸ್ಟ್ರಿಪ್ ಬಂದ್, ಆ ಜಾಗಕ್ಕೆ ಪದಬಂಧ. “ನಿಮ್ಮ ಅಕ್ಕನ್ನ ನೀವೇ ಉಳಿಸ್ಕೊಳ್ಳಿ ಮೇಡಂ” ಅಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಮಂತ್ರಿಯನ್ನು ಬಿಟ್ಟು ಮಳೆಗಾಲದ ಕೊಡೆಯ ಬಗ್ಗೆ ಏನೋ ಗೀಚಿ ಕೊಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಜೂನ್ ೧೦, ಮಧ್ಯಾಹ್ನ

ಈಗ ಮಂತ್ರಿ ಶಾಲೆ ಮಕ್ಕಳ ಊಟಕ್ಕೂ ಕತ್ತರಿ ಹಾಕಿದ್ದಾನೆ. ಕೈ ತುರಿಸುತ್ತಿದೆ... ಬೆಳಿಗ್ಗೆಯಿಂದ ಕೊಡೆ ಬಿಡಿಸುವುದು, ಹರಿಯುವುದು.

ಅಕ್ಕ ಬಂದು ಕಸದ ಬುಟ್ಟಿ ನೋಡಿದಳು. ಅವಳ ಹತ್ತಿರ ಸುಳ್ಳು ನಡೆಯುವುದಿಲ್ಲ, ಎಲ್ಲ ಹೇಳಿಬಿಟ್ಟೆ. ನೀನಿಲ್ಲದ ಪೇಪರ್ ನನಗೆ ಬೇಡ ಅಂದೆ. ಅವಳು ಕನ್ನಡಕ ಒರೆಸಿ ಮತ್ತೆ ಮೂಗಿಗೇರಿಸಿದಳು.

“ನನ್ನ ಮೂಗನ್ನ ಇಷ್ಟು ವರ್ಷ ಊರಿಗೆಲ್ಲ ತೋರಿಸಿದೀಯ. ನನ್ನನ್ನ ಕೇಳಿದ್ಯಾ? ಇಲ್ಲ. ಈಗ ಅವನ ಹೊಟ್ಟೆ ತೋರಿಸೋಕೆ ಏನೇ ನಿಂಗೆ ರೋಗ?”

ಬಿಡಿಸಲು ಕುಳಿತೆ. ಹೊಟ್ಟೆ ಚೌಕ ದಾಟಿ ಆಚೆ ಬಂತು. ಎದುರಿಗೆ ಖಾಲಿ ತಟ್ಟೆ ಹಿಡಿದ ದೊಡ್ಡಕ್ಕ, ಮೂಗು ಹೊಟ್ಟೆಗೆ ತಗಲುವಷ್ಟು ಉದ್ದ. ಯಾರ ಹೆಸರನ್ನೂ ಬರೆಯಲಿಲ್ಲ.

ಜೂನ್ ೧೧, ಬೆಳಿಗ್ಗೆ

ಮುಖಪುಟದಲ್ಲಿ ಬಂದಿದೆ! ನಿನ್ನೆ ಸಂಪಾದಕರು ನೋಡಿ, ತಡೆಯಲಾಗದೆ ನಕ್ಕು, ಆಮೇಲೆ ಮುಖ ಗಂಟು ಹಾಕಿಕೊಂಡಿದ್ದರು. ಹಾಕುತ್ತೇನೆ, ಆದರೆ ನಾಳೆಯಿಂದಲೇ ಪದಬಂಧ ಅಂದಿದ್ದರು. ಮಾತಿಗೆ ತಪ್ಪಲಿಲ್ಲ.

ಅಕ್ಕ ಅಭ್ಯಾಸಬಲದಿಂದ ಒಳಪುಟವನ್ನೇ ಮೊದಲು ತೆಗೆದಳು. ಪದಬಂಧದ ಖಾಲಿ ಚೌಕಗಳನ್ನು ನೋಡುತ್ತ ಕೂತಳು. ನನಗೆ ಅಳು ಬಂತು. ಮುಖಪುಟ ತಿರುಗಿಸಿ ಕೊಟ್ಟೆ. ಮೂಗು ಇನ್ನೂ ಸ್ವಲ್ಪ ಉದ್ದ ಇರಬಹುದಿತ್ತು ಅಂದಳು.

ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿದೆ. ನಾನು ಪೆನ್ನು ಕೆಳಗಿಡುವಷ್ಟರಲ್ಲಿ ಅಕ್ಕನೇ ಎತ್ತಿಕೊಂಡಳು. “ಮಂತ್ರಿಗಳ ಆಫೀಸಾ? ಹೌದು, ಆ ಮೂಗು ನಂದೇ. ಈಗ ನೀವು ಹೇಳಿ, ಆ ಹೊಟ್ಟೆ ಯಾರ್—”