ಕೈ ಜಾರಿ ಬಿದ್ದ ಟೇಪ್‌ರೆಕಾರ್ಡರ್

ತಾರೀಕು ೧೯, ಗುರುವಾರ
ಅಂಗಡಿಯಲ್ಲಿ, ಊಟದ ಬಿಡುವಿನ ಹೊತ್ತು

ನಮ್ಮ ಮನೆಯವರಿಗೆ,

ಹೀಗೆ ಕರೆಯುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಹನ್ನೊಂದು ತಿಂಗಳಿಂದ ಬೇರೆ ಬಾಡಿಗೆ ಕೋಣೆ ಮಾಡಿಕೊಂಡು ಕೂತವಳು ಗಂಡನನ್ನು ಏನಂತ ಕರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಬೇರೆ ಏನೂ ತೋಚದೆ ಇದನ್ನೇ ಬರೆದೆ. ಕ್ಷೇಮ ಸಮಾಚಾರ ಆಮೇಲೆ, ಮೊದಲು ನಿಮ್ಮ ಸುಳ್ಳಿನ ವಿಚಾರ.

ಹೋದ ಶುಕ್ರವಾರ ಮಗಳು ನಮ್ಮ ಟೇಪ್‌ರೆಕಾರ್ಡರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಅಂಗಡಿಗೆ ಬಂದಳು. ಅಪ್ಪನ ಕೈ ಜಾರಿ ಬಿತ್ತಂತೆ, ನೀನೇ ರಿಪೇರಿ ಮಾಡಬೇಕಂತೆ ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಆಗಲೇ ನನಗೆ ಅನುಮಾನ ಹತ್ತಿತು. ಇಪ್ಪತ್ತಾರು ವರ್ಷದಿಂದ ಈ ಮೇಜಿನ ಮುಂದೆ ಕೂತವಳು ನಾನು. ಸೆಟ್ಟು ಕೆಡಿಸಿಕೊಂಡು ಬರುವವರಲ್ಲಿ ನಿಜ ಹೇಳುವವರನ್ನು ಬೆರಳು ಮಡಿಚಿ ಲೆಕ್ಕ ಹಾಕಬಹುದು.

ಅದೂ ಅಲ್ಲದೆ, ಈ ಶನಿವಾರದೊಳಗೆ ನಾನು ಕೋಣೆಯ ಒಡತಿಗೆ ಉತ್ತರ ಕೊಡಬೇಕು. ಇನ್ನೊಂದು ವರ್ಷ ಇಲ್ಲೇ ಇರುತ್ತೇನೋ, ಕೋಣೆ ಬಿಟ್ಟು ಮನೆಗೆ ಬರುತ್ತೇನೋ ಅಂತ. ಮಗಳಿಗೆ ಅದು ಗೊತ್ತು, ಅಂದಮೇಲೆ ನಿಮಗೂ ಗೊತ್ತು. ಇಷ್ಟು ವರ್ಷ ಬೀಳದಿದ್ದ ಟೇಪು ಈಗಲೇ ಬೀಳುವುದೆಂದರೇನು? ಅಪ್ಪ ಮಗಳು ಸೇರಿ ನನಗೆ ಗಾಳ ಹಾಕಿದ್ದೀರಿ ಅಂದುಕೊಂಡೆ. ಕೆಳಗೆ ಬಿದ್ದಿದ್ದರೆ ಯಾವುದಾದರೂ ಒಂದು ಮೂಲೆ ಒಡೆಯಬೇಕಿತ್ತು. ನಾಲ್ಕು ಮೂಲೆಯೂ ನೆಟ್ಟಗಿವೆ. ಎಡಗಡೆ ಸ್ಪೀಕರಿನ ಮುಂದಿನ ಜಾಲರಿ ಮಾತ್ರ ಒಂದು ಅಂಗೈಯಗಲ ಒಳಗೆ ಹೋಗಿದೆ. ನನ್ನ ಅಂಗೈ ಇಟ್ಟು ನೋಡಿದೆ, ಇನ್ನೂ ಜಾಗ ಉಳಿಯಿತು. ನಿಮ್ಮ ಅಂಗೈ ಎಷ್ಟಗಲ ಅಂತ ನಾನು ಯಾರನ್ನೂ ಕೇಳಬೇಕಾಗಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿದಾಗ ನನ್ನ ಮೈ ಉರಿದುಹೋಯಿತು. ಆರು ಸ್ಕ್ರೂಗಳಲ್ಲಿ ಎರಡು ನಮ್ಮವಲ್ಲ. ಸ್ಪೀಕರಿನ ವೈರಿಗೆ ಯಾರೋ ಕಡಲೆಕಾಳಿನ ದಪ್ಪ ಬೆಸುಗೆ ಹಾಕಿದ್ದಾರೆ. ಮದುವೆಯಾದ ವರ್ಷ ಕೊಂಡ ಸೆಟ್ಟು ಅದು. ಇಲ್ಲಿಯವರೆಗೆ ನನ್ನ ಕೈ ಬಿಟ್ಟರೆ ಇನ್ನೊಬ್ಬರ ಕೈ ಅದರೊಳಗೆ ಹೋಗಿರಲಿಲ್ಲ. ನಗಬೇಡಿ, ನೀವು ಇನ್ನೊಬ್ಬಳನ್ನು ಮನೆಗೆ ಕರೆತಂದಿದ್ದರೂ ಅಷ್ಟು ಹೊಟ್ಟೆಕಿಚ್ಚು ಆಗುತ್ತಿತ್ತೋ ಇಲ್ಲವೋ! ಒಳಗೆ ಆ ರಿಪೇರಿ ಅಂಗಡಿಯ ಚೀಟಿ ಬೇರೆ ಅಂಟಿಸಿದ್ದರು. ಚೀಟಿಯ ತಾರೀಕು, ಮಗಳು ಸೆಟ್ಟು ತಂದುಕೊಟ್ಟ ಹಿಂದಿನ ದಿನದ್ದು. ಗುರುವಾರ ರಿಪೇರಿ ಆಗಿದ್ದು ಶುಕ್ರವಾರದ ಹೊತ್ತಿಗೆ ಜಾಲರಿ ತಗ್ಗಾಗಿ ಬರಬೇಕಾದರೆ ನಡುವೆ ಏನೋ ನಡೆದಿದೆ.

ಮತ್ತೊಂದು ಕಂಡಿತು. ವಾಲ್ಯೂಮ್ ತಿರುಗಿಸುವ ಗುಂಡಿಯ ಒಳಗೆ ಒಂದು ಕರಿ ಪಟ್ಟಿ ಇರುತ್ತದೆ, ತಿರುಗಿಸಿ ತಿರುಗಿಸಿ ಅದು ಸವೆಯುತ್ತದೆ. ಎಲ್ಲರ ಸೆಟ್ಟಿನಲ್ಲೂ ಮೊದಲ ಅರ್ಧ ಸವೆದಿರುತ್ತದೆ, ಸೌಂಡು ಜೋರಾಗುವ ಕೊನೆಯ ಭಾಗ ಹೊಸದರಂತಿರುತ್ತದೆ. ಮೂರು ವರ್ಷದ ಹಿಂದೆ ನಾನೇ ಹೊಸದು ಹಾಕಿದ್ದೆ. ನಮ್ಮದರಲ್ಲಿ ಮೊದಲ ಭಾಗಕ್ಕೆ ಗೀರೂ ಇಲ್ಲ, ಕೊನೆಯ ತುದಿ ತೂತು ಬೀಳುವಷ್ಟು ಸವೆದಿದೆ. ಇದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು. ನಾನು ಬಾಯಿ ತೆಗೆದ ಕೂಡಲೇ ನೀವು ಸೌಂಡು ಏರಿಸುತ್ತಿದ್ದಿರಲ್ಲ, ಅದಕ್ಕೆ ಸಾಕ್ಷಿ ಸಿಕ್ಕಿತು ಅಂದುಕೊಂಡೆ. ನನ್ನ ಮಾತು ಕಿವಿಗೆ ಬೀಳಬಾರದು ಅಂತಲೇ ಏರಿಸುತ್ತೀರಿ ಅನ್ನುವುದು ನನ್ನ ಹಳೆಯ ಅನುಮಾನ.

ಮಂಗಳವಾರ ಆ ಚೀಟಿ ಹಿಡಿದುಕೊಂಡು ಜಗಳಕ್ಕೇ ಹೋದೆ. ಬಸ್ ನಿಲ್ದಾಣದ ಹಿಂದಿನ ಓಣಿ, ಮೆಟ್ಟಿಲ ಕೆಳಗಿನ ಗೂಡಂಗಡಿ. ಅಂಗಡಿಯವರು ನನಗಿಂತ ಹತ್ತು ವರ್ಷ ಹಿರಿಯರು. ನನ್ನ ಬೈಗುಳ ಮುಗಿದ ಮೇಲೆ ಒಂದು ಸ್ಟೂಲು ಎಳೆದು ಕೊಟ್ಟರು. ನೋಡಮ್ಮ, ನಿಮ್ಮ ಯಜಮಾನ್ರು ಮೂರು ಸಲ ಬಂದ್ರು, ಸೌಂಡ್ ಸಾಲ್ತಾ ಇಲ್ಲ, ಜಾಸ್ತಿ ಮಾಡ್ಕೊಡಿ ಅಂತಾರೆ ಅಂದರು. ಪಕ್ಕದ ಅಂಗಡಿಯವನು ಬಂದು ಬೈದು ಹೋಗೋ ಅಷ್ಟು ಜೋರಾಗಿ ಹಾಕಿ ತೋರಿಸಿದ್ರೂ ಇನ್ನೂ ಬೇಕು ಅಂದ್ರು ಅಂದರು. ಎದುರಿಗೆ ಕೂತು ಮಾತಾಡಿದ್ರೆ ಬಾಯಿ ನೋಡ್ಕೊಂಡು ಎಲ್ಲಾ ತಿಳ್ಕೋತಾರೆ, ನಾನು ಆ ಕಡೆ ತಿರುಗಿದ್ರೆ ಮಾತ್ರ ಬರೀ ಹೂಂ ಅಂತಾರೆ ಅಂತಲೂ ಅಂದರು. ಕೊನೇ ಸಲ ಬಂದಾಗ, ತೊಂದರೆ ಸೆಟ್ಟಲ್ಲಿ ಇಲ್ಲ ಸ್ವಾಮಿ, ಒಂದ್ಸಲ ಕಿವಿ ತೋರಿಸ್ಕೊಳ್ಳಿ ಅಂದರಂತೆ. ನೀವು ಕೆಂಪಗಾಗಿ, ಸೆಟ್ಟು ಎತ್ತಿಕೊಂಡು ಎದ್ದು ಬಂದಿರಂತೆ.

ಆ ಗೂಡಂಗಡಿಯಿಂದ ಕೋಣೆಯವರೆಗೆ ನಡೆದೇ ಬಂದೆ. ಮೂವತ್ತು ವರ್ಷ ಮರದ ಮಿಲ್ಲಿನಲ್ಲಿ ಗರಗಸದ ಪಕ್ಕ ನಿಂತವರಿಗೆ ಕಿವಿ ಹೋಗದೆ ಇರುತ್ತದೆಯೇ? ಜಾಲರಿಗೆ ಬಿದ್ದ ಏಟು ನಿಮ್ಮದೇ ಕಿವಿಯ ಮೇಲಿನ ಸಿಟ್ಟಿಗೆ ಅಂತ ಆಗ ತಿಳಿಯಿತು. ಸೀದಾ ಹೇಳುತ್ತೇನೆ, ಆ ರಾತ್ರಿ ನಿಮಗಾಗಿ ಅತ್ತೆ.

ನಾನು ಮನೆ ಬಿಟ್ಟ ದಿನವನ್ನೂ ಹೇಳಿಬಿಡಬೇಕು. ನಾನ್ಯಾಕೆ ಹೋದೆ ಅಂತ ನೀವು ಮಗಳನ್ನು ಮತ್ತೆ ಮತ್ತೆ ಕೇಳುತ್ತೀರಂತೆ, ನಾನೇನು ತಪ್ಪು ಮಾಡಿದೆ ಅನ್ನುತ್ತೀರಂತೆ. ಅದನ್ನು ನಾನೇ ಹೇಳಲಿ ಅಂತ ಅವಳು ಹೇಳಿಲ್ಲವಂತೆ. ಗೊತ್ತಿಲ್ಲದವರಂತೆ ಕೇಳುತ್ತಾರಲ್ಲ ಅಂತ ನನಗೆ ಉರಿಯುತ್ತಿತ್ತು. ಅವತ್ತು ಬೆಳಿಗ್ಗೆ ನನ್ನ ಅಕ್ಕ ತೀರಿಕೊಂಡ ಫೋನು ಬಂತು. ನಾನು ನಿಮ್ಮ ಎದುರಿಗೇ ನಿಂತು, ಅಕ್ಕ ಹೋಗಿಬಿಟ್ಟಳು ಅಂದೆ. ನೀವು ಹೂಂ, ಸರಿ ಅಂದು, ಚಪ್ಪಲಿ ಮೆಟ್ಟಿಕೊಂಡು ಮಿಲ್ಲಿಗೆ ಹೋದಿರಿ. ಸಂಜೆ ಅಕ್ಕನ ಮನೆಗೆ ಓಡೋಡಿ ಬಂದು ಮೂಲೆಯಲ್ಲಿ ಕೂತು ಅತ್ತಿರಿ, ನಾಟಕ ಅಂದುಕೊಂಡು ಅಲ್ಲಿಂದ ಮನೆಗೆ ಮರಳಲೇ ಇಲ್ಲ. ನಿಮಗೆ ಬೆಳಿಗ್ಗೆ ಕೇಳಿಸಿಯೇ ಇರಲಿಲ್ಲ ಅನ್ನುವುದು ಈಗ ನನಗೆ ಅರ್ಥವಾಗಿದೆ. ನಿಮ್ಮನ್ನು ಕ್ಷಮಿಸಿದ್ದೇನೆ. ಶನಿವಾರ ಒಡತಿಗೆ ಕೋಣೆ ಬಿಡುತ್ತೇನೆ ಅಂತ ಹೇಳಿ, ಭಾನುವಾರ ಟೇಪಿನ ಜೊತೆ ನಾನೂ ಬರುತ್ತೇನೆ.

ಸೆಟ್ಟು ಈಗ ಚೆನ್ನಾಗಿ ಹಾಡುತ್ತಿದೆ. ಬೆಲ್ಟು ಕರಗಿ ಅಂಟಾಗಿತ್ತು, ಹೊಸದು ಹಾಕಿದೆ. ಹರಿದ ಸ್ಪೀಕರಿಗೆ ತೆಳು ಕಾಗದ ಅಂಟಿಸಿದೆ, ಜಾಲರಿಯನ್ನು ಒಳಗಿನಿಂದ ಚಮಚದ ಹಿಡಿಯಲ್ಲಿ ಮೆಲ್ಲಗೆ ತಟ್ಟಿ ಎಬ್ಬಿಸಿದೆ. ಆ ಕಡಲೆಕಾಳನ್ನೂ ಕಿತ್ತು ಹಾಕಿದೆ, ಅದನ್ನು ಮಾತ್ರ ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಕಿವಿ ಡಾಕ್ಟರ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಮಿಲ್ಲಿನ ನೆಪ ಹೇಳಬೇಡಿ. ಈ ಪತ್ರ ಮಗಳ ಕೈಯಲ್ಲಿ ಕಳಿಸುತ್ತಿದ್ದೇನೆ, ಫೋನಿನಲ್ಲಿ ಹೇಳಿದರೆ ಮತ್ತೆ ಹೂಂ ಅಂದುಬಿಡುತ್ತೀರಿ.

ಇಂತಿ,
ಕೋಪ ಇಳಿದ ನಿಮ್ಮ ಮನೆಯವಳು

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ನಿಮ್ಮ ಎದುರಿಗೇ ನಿಂತು ಹೇಳಿದೆ ಅಂತ ಮೇಲೆ ಬರೆದಿರುವುದು ಸುಳ್ಳು. ಮಗಳಿಗೂ ಒಡತಿಗೂ ಹಾಗೇ ಹೇಳಿ ಹೇಳಿ ನನಗೂ ಅದೇ ನಿಜ ಅನ್ನಿಸಿಬಿಟ್ಟಿತ್ತು. ಅವತ್ತು ನಾನು ನಿಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಪೂರ್ತಿ ಬಿಟ್ಟಿತ್ತು. ಒಂದೇ ಸಲ, ಮೆಲ್ಲಗೆ ಹೇಳಿದೆ. ನಿಮಗೆ ಕೇಳಿಸಿಲ್ಲ ಅಂತ ಆಗಲೇ ಅನುಮಾನ ಬಂದಿತ್ತು. ಆದರೂ ತಿರುಗಿ ಇನ್ನೊಂದು ಸಲ ಹೇಳಲಿಲ್ಲ. ಒಡತಿಗೆ ನಾನಿನ್ನೂ ಏನೂ ಹೇಳಿಲ್ಲ. ಇದನ್ನು ಓದಿದ ಮೇಲೂ ನಾನು ಬರಬಹುದು ಅನ್ನಿಸಿದರೆ, ಶನಿವಾರದೊಳಗೆ ನೀವೇ ಹೇಳಿ ಕಳಿಸಿ.